ಯಾರೂ ಹೇಳದ ಹೆಸರು: ಬಾಸ್ಟನ್ ಸ್ಫೋಟದ ಸುದ್ದಿಯಲ್ಲಿ ಸಿಕ್ಕಿಕೊಂಡ ಒಬ್ಬ ವಿದ್ಯಾರ್ಥಿ

2013ರ ಏಪ್ರಿಲ್ 19, ಬೆಳಗಿನ ಜಾವ. ಅಮೆರಿಕದಲ್ಲಿ ಸಾವಿರಾರು ಜನ ಒಬ್ಬ ಕಾಲೇಜು ಹುಡುಗನ ಹೆಸರನ್ನು ‘ಬಾಸ್ಟನ್‌ನಲ್ಲಿ ಬಾಂಬ್ ಇಟ್ಟವನು ಇವನೇ’ ಅಂತ ಹಂಚಿಕೊಳ್ಳುತ್ತಿದ್ದರು. ಅವರಲ್ಲಿ ಪತ್ರಕರ್ತರೂ ಇದ್ದರು. ಪೊಲೀಸರೇ ರೇಡಿಯೊದಲ್ಲಿ ಈ ಹೆಸರು ಹೇಳಿದ್ದಾರೆ ಅನ್ನುವುದೇ ಎಲ್ಲರಿಗೂ ಆಧಾರ. ಆಮೇಲೆ ಆ ರಾತ್ರಿಯ ರೇಡಿಯೊ ಧ್ವನಿಮುದ್ರಣವನ್ನು ಕೂತು ಕೇಳಿದವರಿಗೆ ಆ ಹೆಸರು ಅದರಲ್ಲಿ ಎಲ್ಲೂ ಸಿಗಲಿಲ್ಲ.

ಇದನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿದ್ದು ಅದಕ್ಕೇ. ಸುಳ್ಳು ಸುದ್ದಿ ಅಂದ ಕೂಡಲೇ ಯಾರೋ ಬೇಕಂತಲೇ ಹಬ್ಬಿಸಿದ್ದು ಅಂದುಕೊಳ್ಳುತ್ತೇವೆ. ಇಲ್ಲಿ ಕೈ ಹಾಕಿದವರಲ್ಲಿ ಬಹಳಷ್ಟು ಜನ ಸಹಾಯ ಮಾಡಲು ಹೊರಟವರು. ಹುಡುಗನ ಹೆಸರು, ಊರು, ಕಾಲೇಜು ಯಾವುದನ್ನೂ ಇಲ್ಲಿ ಹಾಕುತ್ತಿಲ್ಲ. ಹುಡುಕಿದರೆ ಸಿಗುತ್ತದೆ, ಆದರೆ ದಯವಿಟ್ಟು ಹುಡುಕಬೇಡಿ. ಆ ಮನೆಯವರ ಹೆಸರನ್ನು ಜನ ಈಗಾಗಲೇ ಸಾಕಷ್ಟು ಹುಡುಕಿದ್ದಾರೆ. ಸಂಸ್ಥೆಗಳ ಹೆಸರು ಮತ್ತು ಸರಿಯಾಗಿ ಕೆಲಸ ಮಾಡಿದ ಒಬ್ಬ ವರದಿಗಾರರ ಹೆಸರು ಮಾತ್ರ ಹೇಳುತ್ತೇನೆ, ಅದೆಲ್ಲ ಆಗಲೇ ಬಹಿರಂಗವಾಗಿ ಚರ್ಚೆಯಾದ ವಿಷಯ.

ಹಿನ್ನೆಲೆ

ಏಪ್ರಿಲ್ 15, ಸೋಮವಾರ. ಮ್ಯಾರಥಾನ್ ದಿನ ಅಂದರೆ ಬಾಸ್ಟನ್‌ಗೆ ರಜೆ, ಊರಿಗೆ ಊರೇ ರಸ್ತೆಯ ಬದಿಯಲ್ಲಿ ನಿಂತಿರುತ್ತದೆ. ಮಧ್ಯಾಹ್ನ 2.49ಕ್ಕೆ ಬಾಯ್ಲ್‌ಸ್ಟನ್ ಸ್ಟ್ರೀಟ್‌ನಲ್ಲಿ, ಓಟ ಮುಗಿಯುವ ಗೆರೆಯ ಹತ್ತಿರ, ಕೆಲವೇ ಸೆಕೆಂಡುಗಳ ಅಂತರದಲ್ಲಿ ಎರಡು ಬಾಂಬ್ ಸಿಡಿದವು. ಮೂವರು ಸತ್ತರು, ಅವರಲ್ಲಿ ಒಬ್ಬ 8 ವರ್ಷದ ಹುಡುಗ. 260ಕ್ಕೂ ಹೆಚ್ಚು ಜನ ಗಾಯಗೊಂಡರು, ಹಲವರು ಕಾಲು ಕಳೆದುಕೊಂಡರು.

ಓಟದ ಕೊನೆಯ ಗೆರೆ ಅಂದರೆ ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಜಾಗ. ನಿಮ್ಮ ಹತ್ತಿರ ಫೋಟೊ, ವಿಡಿಯೊ ಇದ್ದರೆ ಕಳಿಸಿ ಅಂತ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಜನರನ್ನು ಕೇಳಿತು. ಕೇಳಿದ್ದು ಸರಿಯೇ, ತನಿಖೆಗೆ ಅದು ಬೇಕಿತ್ತು. ಆದರೆ ಜನ ಕಳಿಸಿ ಸುಮ್ಮನಾಗಲಿಲ್ಲ. ಅವೇ ಫೋಟೊಗಳನ್ನು ಇಂಟರ್‌ನೆಟ್‌ಗೆ ಹಾಕಿ, ದೊಡ್ಡದು ಮಾಡಿ, ಬ್ಯಾಗ್ ಹಾಕಿಕೊಂಡವರ ಸುತ್ತ ಕೆಂಪು ವೃತ್ತ ಎಳೆದು ತಾವೇ ಹುಡುಕಲು ಶುರು ಮಾಡಿದರು. ಜನ ಗುಂಪುಗುಂಪಾಗಿ ಚರ್ಚೆ ಮಾಡುವ ರೆಡಿಟ್ ಅನ್ನುವ ಜಾಲತಾಣದಲ್ಲಿ ಇದಕ್ಕೇ ಅಂತ ಒಂದು ವಿಭಾಗ ಹುಟ್ಟಿಕೊಂಡಿತು.

ಇನ್ನು ಸುದ್ದಿಮನೆಗಳ ಕಡೆ. ಮೂರು ದಿನ ಪೊಲೀಸರ ಕೈಯಲ್ಲಿ ಹೊರಗೆ ಹೇಳುವಂಥ ಹೆಸರಿರಲಿಲ್ಲ. ಟಿವಿಗೆ ಮಾತ್ರ ಇಪ್ಪತ್ನಾಲ್ಕು ಗಂಟೆಯೂ ಏನಾದರೂ ಹೇಳುತ್ತಿರಬೇಕಿತ್ತು. ಮೊದಲ ದಿನವೇ ಸೌದಿ ಅರೇಬಿಯಾದ ಒಬ್ಬ ವಿದ್ಯಾರ್ಥಿ ಶಂಕಿತನಾದ. ಅವನೂ ಗಾಯಗೊಂಡವನೇ. ಸ್ಫೋಟದ ಜಾಗದಿಂದ ಓಡುತ್ತಿದ್ದ ಅಂತ ಹಿಡಿದರು. ಅಲ್ಲಿ ಯಾರು ತಾನೇ ಓಡುತ್ತಿರಲಿಲ್ಲ? ಅವನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನ ಮನೆ ಶೋಧವಾಯಿತು, ಸುದ್ದಿಯೂ ಆಯಿತು. ಅವನಿಗೆ ಇದರಲ್ಲಿ ಯಾವ ಸಂಬಂಧವೂ ಇಲ್ಲ ಅಂತ ಆಮೇಲೆ ಹೇಳಿದರು.

17ರ ಮಧ್ಯಾಹ್ನ ಸಿಎನ್‌ಎನ್ ‘ಬಂಧನವಾಗಿದೆ’ ಅಂದಿತು. ಬೇರೆ ದೊಡ್ಡ ಸಂಸ್ಥೆಗಳೂ ಅದನ್ನೇ ಹೇಳಿದವು. ಬಂಧನ ಆಗಿರಲಿಲ್ಲ. ಎಫ್‌ಬಿಐ ಅವತ್ತೇ ಹೇಳಿಕೆ ಹೊರಡಿಸಿತು: ಯಾರನ್ನೂ ಬಂಧಿಸಿಲ್ಲ, ಇಂಥ ಸುದ್ದಿಗಳಿಂದ ಯಾರೂ ಬಯಸದ ಪರಿಣಾಮಗಳಾಗುತ್ತವೆ, ಅಧಿಕೃತ ಮೂಲದಿಂದ ಖಚಿತ ಮಾಡಿಕೊಂಡು ವರದಿ ಮಾಡಿ. ಸುದ್ದಿ ನಿಲ್ಲಿಸಿ ಅನ್ನಲಿಲ್ಲ, ಖಚಿತ ಮಾಡಿಕೊಳ್ಳಿ ಅಂದಿತು ಅಷ್ಟೆ.

ಮರುದಿನ ಬೆಳಿಗ್ಗೆ ನ್ಯೂಯಾರ್ಕ್ ಪೋಸ್ಟ್ ಪತ್ರಿಕೆಯ ಮುಖಪುಟದ ತುಂಬ ಇಬ್ಬರು ಹುಡುಗರ ಫೋಟೊ. ‘ಬ್ಯಾಗಿನವರು’ ಅನ್ನುವ ಅರ್ಥದ ದೊಡ್ಡ ಶೀರ್ಷಿಕೆ, ಇವರಿಗಾಗಿ ತನಿಖಾಧಿಕಾರಿಗಳು ಹುಡುಕುತ್ತಿದ್ದಾರೆ ಅನ್ನುವ ಸಾಲು. ಒಬ್ಬ ಇನ್ನೂ ಹೈಸ್ಕೂಲ್ ಓದುತ್ತಿದ್ದ ಓಟಗಾರ, ಇನ್ನೊಬ್ಬ ಅವನ ಗೆಳೆಯ. ಓಟ ನೋಡಲು ಬಂದಿದ್ದರು. ತನ್ನ ಫೋಟೊ ಇಂಟರ್‌ನೆಟ್‌ನಲ್ಲಿ ಓಡಾಡುತ್ತಿದೆ ಅಂತ ಗೊತ್ತಾಗಿ ಆ ಹೈಸ್ಕೂಲ್ ಹುಡುಗ ಹಿಂದಿನ ದಿನವೇ ತಾನಾಗಿ ಪೊಲೀಸರ ಹತ್ತಿರ ಹೋಗಿದ್ದ. ಮುಖಪುಟ ಆದರೂ ಬಂತು.

ಇವುಗಳನ್ನು ಹಿನ್ನೆಲೆಯಲ್ಲಿ ಹೇಳುತ್ತಿರುವುದಕ್ಕೆ ಕಾರಣ ಇದೆ. 18ರ ಸಂಜೆ ಹೊತ್ತಿಗೆ ಎಲ್ಲ ಸುದ್ದಿಮನೆಗೂ ಎಚ್ಚರಿಕೆ ಸಿಕ್ಕಾಗಿತ್ತು. ಒಂದೇ ವಾರದಲ್ಲಿ ಮೂರು ತಪ್ಪು ಎಲ್ಲರ ಕಣ್ಣೆದುರೇ ಆಗಿದ್ದವು. ಪಾಠ ಗೊತ್ತಿಲ್ಲದೆ ಆದ ತಪ್ಪು ಇದಲ್ಲ.

ಕಾಣೆಯಾಗಿದ್ದ ಹುಡುಗ

ನಮ್ಮ ಪ್ರಕರಣದ ವಿದ್ಯಾರ್ಥಿ ಸ್ಫೋಟಕ್ಕೆ ಸುಮಾರು ಒಂದು ತಿಂಗಳು ಮೊದಲೇ ಕಾಣೆಯಾಗಿದ್ದ. ಭಾರತ ಮೂಲದ ಕುಟುಂಬ. ಖಿನ್ನತೆಯಿಂದ ಬಳಲುತ್ತಿದ್ದ, ಓದಿಗೆ ಸ್ವಲ್ಪ ಬಿಡುವು ಕೊಟ್ಟಿದ್ದ. ಒಂದು ದಿನ ಮನೆಯಿಂದ ಹೊರಟವನು ವಾಪಸ್ ಬರಲಿಲ್ಲ. ಮನೆಯವರು ಬೇರೆ ಕೆಲಸವೆಲ್ಲ ಬಿಟ್ಟು ಹುಡುಕುತ್ತಿದ್ದರು. ಪೋಸ್ಟರ್ ಹಚ್ಚಿದರು, ವಿಡಿಯೊ ಮಾಡಿದರು, ಫೇಸ್‌ಬುಕ್‌ನಲ್ಲಿ ಒಂದು ಪುಟ ತೆರೆದರು. ಗೆಳೆಯರು ಅಲ್ಲಿ ಅವನ ಫೋಟೊ ಹಾಕಿ ‘ಎಲ್ಲಿದ್ದರೂ ಬಾ’ ಅಂತ ಬರೆಯುತ್ತಿದ್ದರು. ಹುಡುಕಾಟದಲ್ಲಿ ಪೊಲೀಸರೂ ಇದ್ದರು, ಎಫ್‌ಬಿಐ ಕೂಡ ಇತ್ತು.

ಅಂದರೆ ಅವನ ಮುಖ ಅಷ್ಟು ಹೊತ್ತಿಗೇ ಇಂಟರ್‌ನೆಟ್‌ನಲ್ಲಿ ಎಲ್ಲ ಕಡೆ ಇತ್ತು. ಅವನನ್ನು ಪ್ರೀತಿಸುವವರೇ ಅದನ್ನು ಹರಡಿದ್ದರು. ಮುಂದೆ ಆದದ್ದಕ್ಕೆ ಇದೇ ಸಾಮಗ್ರಿ ಒದಗಿತು. ಈ ಪ್ರಕರಣದಲ್ಲಿ ನನಗೆ ಅತ್ಯಂತ ಸಂಕಟ ಅನ್ನಿಸುವ ಭಾಗ ಇದು.

18ರ ಸಂಜೆ: ಒಂದು ಸರಿಯಾದ ನಿರ್ಧಾರ

ಸಂಜೆ ಐದು ಗಂಟೆ ದಾಟಿದ ಮೇಲೆ ಎಫ್‌ಬಿಐ ನಿಜವಾದ ಇಬ್ಬರು ಶಂಕಿತರ ಚಿತ್ರಗಳನ್ನು ಬಿಡುಗಡೆ ಮಾಡಿತು. ಒಬ್ಬ ಕಪ್ಪು ಟೋಪಿ, ಇನ್ನೊಬ್ಬ ಬಿಳಿ ಟೋಪಿ. ತಪ್ಪಾಗಿ ಗುರಿಯಾಗುತ್ತಿದ್ದ ಅಮಾಯಕರಿಗೆ ಆಗುತ್ತಿದ್ದ ಹಾನಿ ತಡೆಯುವುದೂ ಈ ನಿರ್ಧಾರದ ಹಿಂದಿನ ಒಂದು ಕಾರಣ ಅಂತ ಆಮೇಲೆ ವರದಿಯಾಯಿತು. ಸುದ್ದಿಗೋಷ್ಠಿಯಲ್ಲಿ ಅಧಿಕಾರಿ ಸ್ಪಷ್ಟವಾಗಿಯೇ ಹೇಳಿದರು: ಇವೇ ಚಿತ್ರಗಳನ್ನು ನೋಡಿ, ಬೇರೆ ಫೋಟೊಗಳನ್ನು ನಂಬಬೇಡಿ, ಅವು ಜನರ ಗಮನವನ್ನು ತಪ್ಪು ದಾರಿಗೆ ಎಳೆಯುತ್ತವೆ.

ಒಳ್ಳೆಯ ನಿರ್ಧಾರವೇ. ಪೋಸ್ಟ್ ಮುಖಪುಟದ ಹುಡುಗರ ಮೇಲಿದ್ದ ಅನುಮಾನ ಅಲ್ಲಿಗೆ ಬಿದ್ದುಹೋಯಿತು. ಆದರೆ ಆ ಚಿತ್ರಗಳು ಸ್ಪಷ್ಟವಾಗಿರಲಿಲ್ಲ. ಬಿಳಿ ಟೋಪಿಯವನು ತೆಳ್ಳಗಿದ್ದ, ಕೂದಲು ಕಪ್ಪು, ವಯಸ್ಸು ಇಪ್ಪತ್ತರ ಆಚೀಚೆ. ಇಂಥ ವಿವರಕ್ಕೆ ಹೊಂದುವ ಹುಡುಗರು ಯಾವ ಊರಿನಲ್ಲಿ ಇಲ್ಲ ಹೇಳಿ. ಅವತ್ತು ಸಂಜೆ ಒಬ್ಬರು, ಹಿಂದೆ ಅದೇ ಶಾಲೆಯಲ್ಲಿ ಓದಿದ್ದವರು, ಬಿಳಿ ಟೋಪಿಯವನು ನಮ್ಮ ಶಾಲೆಯ ಆ ಕಾಣೆಯಾದ ಹುಡುಗನ ಹಾಗೆ ಕಾಣುತ್ತಾನೆ ಅನ್ನುವ ಅರ್ಥದಲ್ಲಿ ಬರೆದರು. ಅದು ರೆಡಿಟ್ ತಲುಪಿತು. ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟು ಮೂಗು, ಹುಬ್ಬು, ಗಲ್ಲ ಹೋಲಿಸಿದರು. ‘ಇವನು ಕಾಣೆಯಾಗಿದ್ದಾನೆ’ ಅನ್ನುವುದೇ ಜನಕ್ಕೆ ದೊಡ್ಡ ಪುರಾವೆಯ ಹಾಗೆ ಕಂಡಿತು.

ರೆಡಿಟ್‌ನಲ್ಲಿ ಯಾರ ಮೇಲೂ ನೇರ ಆರೋಪ ಹೊರಿಸಬಾರದು, ಖಾಸಗಿ ವಿವರ ಹಾಕಬಾರದು ಅಂತ ನಿಯಮಗಳಿದ್ದವು. ಆದರೆ ‘ನಾನು ಆರೋಪ ಮಾಡುತ್ತಿಲ್ಲ, ಹೋಲಿಕೆ ಇದೆ ಅಂತಿದ್ದೇನೆ ಅಷ್ಟೇ’ ಅನ್ನುವವನನ್ನು ಆ ನಿಯಮ ತಡೆಯಲಿಲ್ಲ. ಟಿವಿ ಚರ್ಚೆಗಳಲ್ಲಿ ಕೇಳುವ ‘ನಾವು ಹೇಳ್ತಿಲ್ಲ, ಜನ ಕೇಳ್ತಿದ್ದಾರೆ’ ಅನ್ನುವ ಮಾತೂ ಇದೇ ಜಾತಿಯದು.

ಮುಚ್ಚಿದ ಪುಟ

ಇಲ್ಲಿಂದ ಕುಟುಂಬದ ನಿರ್ಧಾರದ ಕಥೆ. ಅವರ ಫೇಸ್‌ಬುಕ್ ಪುಟಕ್ಕೆ ಒಮ್ಮೆಲೇ ಬೈಗುಳಗಳು ಸುರಿಯತೊಡಗಿದವು. ‘ಬೇಗ ಮನೆಗೆ ಬಾ ಮಗನೇ’ ಅಂತ ಬರೆದ ಸಾಲಿನ ಕೆಳಗೆ ‘ಭಯೋತ್ಪಾದಕ’ ಅಂತ ಬರೆಯುತ್ತಿದ್ದರು. ಅವರಿಗೆ ಇದ್ದದ್ದು ಎರಡೇ ದಾರಿ. ಪುಟ ಹಾಗೇ ಇಟ್ಟರೆ, ಎಲ್ಲಾದರೂ ಬದುಕಿದ್ದು ಮಗ ಅದನ್ನು ನೋಡಿದರೆ ಅವನ ಕಣ್ಣಿಗೆ ಬೀಳುವುದು ಈ ಬೈಗುಳ. ತೆಗೆದರೆ ಹುಡುಕಾಟದ ಮುಖ್ಯ ದಾರಿಯೇ ಮುಚ್ಚುತ್ತದೆ. ರಾತ್ರಿ ಅವರು ಪುಟ ತೆಗೆದರು.

ಸ್ವಲ್ಪ ಹೊತ್ತಿನಲ್ಲೇ ಒಬ್ಬ ಪತ್ರಕರ್ತ ಟ್ವೀಟ್ ಮಾಡಿದ: ಕಾಣೆಯಾದ ಆ ವಿದ್ಯಾರ್ಥಿಯನ್ನು ಹುಡುಕುವ ಫೇಸ್‌ಬುಕ್ ಪುಟ ಇವತ್ತು ಸಂಜೆ ಅಳಿಸಿಹೋಗಿದೆ, ನಿಮ್ಮ ಗಮನಕ್ಕೆ. ಇದರಲ್ಲಿ ಒಂದೇ ಒಂದು ಸುಳ್ಳಿಲ್ಲ. ಪುಟ ಹೋಗಿದ್ದು ನಿಜ. ಆದರೆ ಆ ಹೊತ್ತಿನಲ್ಲಿ ಅದನ್ನು ಓದಿದವರಿಗೆ ಅರ್ಥವಾದದ್ದು ಬೇರೆ: ಮನೆಯವರು ಏನೋ ಮುಚ್ಚಿಡುತ್ತಿದ್ದಾರೆ. ನೂರಾರು ಜನ ಅದನ್ನು ಮುಂದೆ ಕಳಿಸಿದರು. ಟಿವಿ ವ್ಯಾನ್‌ಗಳು ಮನೆಯ ಮುಂದೆ ಬಂದು ನಿಂತವು.

ಇಡೀ ಪ್ರಕರಣದ ಮೊದಲ ದೊಡ್ಡ ತಿರುವು ಇದು ಅಂತ ನಾನು ಹೇಳುತ್ತೇನೆ. ಆಮೇಲೆ ಬಂದ ರೇಡಿಯೊ ಸುದ್ದಿಯ ಬಗ್ಗೆ ಎಲ್ಲರೂ ಜಾಸ್ತಿ ಮಾತಾಡುತ್ತಾರೆ, ಆದರೆ ಈ ಟ್ವೀಟ್ ಇಲ್ಲದಿದ್ದರೆ ಅದನ್ನು ಇಷ್ಟು ಸುಲಭವಾಗಿ ಯಾರೂ ನಂಬುತ್ತಿರಲಿಲ್ಲ. ಪುಟ ಯಾಕೆ ತೆಗೆದಿರಿ ಅಂತ ಮನೆಯವರನ್ನು ಒಂದು ಮಾತು ಕೇಳಿದ್ದರೆ ಕಾರಣ ಸಿಗುತ್ತಿತ್ತು.  ಕಾರಣ ಕೇಳದೆ ಬರೀ ಘಟನೆ ಬರೆದರೆ, ಸುತ್ತಲಿನ ಗುಲ್ಲು ಆ ಜಾಗದಲ್ಲಿ ತನಗೆ ಬೇಕಾದ ಕಾರಣ ತುಂಬಿಕೊಳ್ಳುತ್ತದೆ. ನಮ್ಮ ಕ್ರೈಮ್ ವರದಿಗಳಲ್ಲಿ ದಿನಾ ಬರುವ ‘ಮನೆಗೆ ಬೀಗ’, ‘ಫೋನ್ ಸ್ವಿಚ್ಡ್ ಆಫ್’ ಅನ್ನುವ ಸಾಲುಗಳೂ ಹೀಗೇ ಕೆಲಸ ಮಾಡುತ್ತವೆ ಅಲ್ವಾ? ಟಿವಿಯವರು ಬಾಗಿಲು ಬಡಿಯುತ್ತಿದ್ದರೆ ಯಾರಾದರೂ ಬೀಗ ಹಾಕಿಕೊಂಡು ನೆಂಟರ ಮನೆಗೆ ಹೋಗುತ್ತಾರೆ.

ರಾತ್ರಿ 2.43

ಅವತ್ತು ರಾತ್ರಿ ಹತ್ತೂವರೆಯ ಆಸುಪಾಸಿನಲ್ಲಿ ಎಂಐಟಿ ವಿಶ್ವವಿದ್ಯಾಲಯದ ಆವರಣದಲ್ಲಿ ಒಬ್ಬ ಪೊಲೀಸ್ ಅಧಿಕಾರಿಯನ್ನು ಗುಂಡಿಟ್ಟು ಕೊಂದರು. ಮಧ್ಯರಾತ್ರಿ ದಾಟಿದ ಮೇಲೆ ಪಕ್ಕದ ವಾಟರ್‌ಟೌನ್‌ನಲ್ಲಿ ಗುಂಡಿನ ಚಕಮಕಿ. ಅಮೆರಿಕದಲ್ಲಿ ಪೊಲೀಸ್ ರೇಡಿಯೊವನ್ನು ಬಹಳಷ್ಟು ಕಡೆ ಯಾರು ಬೇಕಾದರೂ ಕೇಳಬಹುದಿತ್ತು, ಫೋನಿನ ಆ್ಯಪ್‌ನಲ್ಲೇ ಬರುತ್ತಿತ್ತು. ಅದನ್ನು ‘ಸ್ಕ್ಯಾನರ್’ ಅನ್ನುತ್ತಾರೆ. ಊರೆಲ್ಲ ಎದ್ದು ಕೂತು ಸ್ಕ್ಯಾನರ್ ಕೇಳುತ್ತಿತ್ತು, ಕೇಳಿದ್ದನ್ನು ಬರೆಯುತ್ತಿತ್ತು.

2.43ಕ್ಕೆ ಒಂದು ಟ್ವೀಟ್ ಬಂತು. ಬಾಸ್ಟನ್ ಪೊಲೀಸರ ಸ್ಕ್ಯಾನರ್‌ನಲ್ಲಿ ಇಬ್ಬರು ಶಂಕಿತರ ಹೆಸರು ಹೇಳಿದ್ದಾರೆ ಅಂತ. ಮೊದಲನೆಯದು ‘ಮೈಕ್’ ಅಂತ ಶುರುವಾಗುವ ಒಂದು ಹೆಸರು. ಎರಡನೆಯದು ನಮ್ಮ ವಿದ್ಯಾರ್ಥಿಯದು.

ಮೊದಲನೆಯ ಹೆಸರನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಪೊಲೀಸ್ ವೈರ್‌ಲೆಸ್ ಕೇಳಿದವರಿಗೆ ಗೊತ್ತಿರುತ್ತದೆ, ಅಕ್ಷರ ತಪ್ಪಾಗಿ ಕೇಳಿಸಬಾರದು ಅಂತ ಒಂದೊಂದು ಅಕ್ಷರಕ್ಕೂ ಒಂದೊಂದು ಗುರುತು ಪದ ಇರುತ್ತದೆ. ‘ಎ’ಗೆ ಆಲ್ಫಾ, ‘ಬಿ’ಗೆ ಬ್ರಾವೊ, ‘ಸಿ’ಗೆ ಚಾರ್ಲಿ. ‘ಎಂ’ಗೆ ಮೈಕ್. ಆ ರಾತ್ರಿ ಒಬ್ಬ ಅಧಿಕಾರಿ ರೇಡಿಯೊದಲ್ಲಿ ಯಾರದೋ ಉಪನಾಮ ಹೇಳಿ, ಅಕ್ಷರ ಅಕ್ಷರವಾಗಿ ಬಿಡಿಸಿ, ‘ಮೈಕ್‌ನ ಎಂ’ ಅಂತ ಸೇರಿಸಿದ್ದರು. ಎಲ್ಲೋ ಕುಳಿತು ಕೇಳುತ್ತಿದ್ದವರ ಕಿವಿಯಲ್ಲಿ ಗುರುತು ಪದ ಮೊದಲ ಹೆಸರಾಯಿತು, ಉಪನಾಮ ಅದರ ಮುಂದೆ ಕೂತಿತು. ಹೀಗೆ ಭೂಮಿಯ ಮೇಲೆ ಇಲ್ಲದ ಒಬ್ಬ ಶಂಕಿತ ಹುಟ್ಟಿದ. ಆ ಉಪನಾಮಕ್ಕೂ ಸ್ಫೋಟಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಎರಡನೆಯ ಹೆಸರಿಗೆ ಇಷ್ಟೂ ಮೂಲ ಇಲ್ಲ. ಅಮೆರಿಕದ ಒಂದು ಪತ್ರಿಕೆಯವರು ಆಮೇಲೆ ಧ್ವನಿಮುದ್ರಣ ತಿರುಗಿಸಿ ಕೇಳಿದಾಗ ಮೊದಲನೆಯ ಉಪನಾಮ ಸಿಕ್ಕಿತು, ವಿದ್ಯಾರ್ಥಿಯ ಹೆಸರು ಸಿಗಲೇ ಇಲ್ಲ. ಸಂಜೆಯಿಂದ ಜನರ ತಲೆಯಲ್ಲಿ ತುಂಬಿಕೊಂಡಿದ್ದ ಹೆಸರು ಅದು. ‘ಪೊಲೀಸರು ಹೆಸರು ಹೇಳಿದರು’ ಅನ್ನುವ ಸುದ್ದಿ ಬಂದಾಗ ಅದರ ಜೊತೆಗೆ ಸೇರಿಕೊಂಡಿತು.

ಇನ್ನೊಂದು ಮಾತು. ಸ್ಕ್ಯಾನರ್‌ನಲ್ಲಿ ನಿಜವಾಗಿ ಹೆಸರು ಬಂದಿದ್ದರೂ ಅದು ಏನನ್ನೂ ಸಾಬೀತು ಮಾಡುತ್ತಿರಲಿಲ್ಲ. ಗಸ್ತಿನವರು ರಸ್ತೆಯಲ್ಲಿ ತಡೆದವರ ಹೆಸರು, ಕಾರಿನ ನಂಬರ್, ಯಾರೋ ಫೋನ್ ಮಾಡಿ ಕೊಟ್ಟ ಮಾಹಿತಿ, ಎಲ್ಲ ಅದರಲ್ಲಿ ಹೋಗುತ್ತದೆ. ಆ ರಾತ್ರಿ ವಾಟರ್‌ಟೌನ್‌ನಲ್ಲಿ ಒಬ್ಬನನ್ನು ತಡೆದು, ಬಟ್ಟೆ ಬಿಚ್ಚಿಸಿ ವಿಚಾರಿಸಿ, ಇವನಲ್ಲ ಅಂತ ಬಿಟ್ಟುಬಿಟ್ಟರು. ಪೊಲೀಸರು ತಮ್ಮತಮ್ಮಲ್ಲೇ ಕೇಳಿಕೊಳ್ಳುವ ಪ್ರಶ್ನೆಗಳನ್ನು ಹೊರಗಿನವರು ಉತ್ತರ ಅಂದುಕೊಂಡು ಬರೆದರೆ ಇನ್ನೇನಾಗುತ್ತದೆ?

ಸರಪಳಿ

ಮುಂದಿನ ಅರ್ಧ ಗಂಟೆಯಲ್ಲಿ ಆದದ್ದನ್ನು ಸುದ್ದಿಮನೆಯವರು ನಿಧಾನವಾಗಿ ಓದಬೇಕು. ಒಂದು ಸ್ಥಳೀಯ ಟಿವಿ ಕೇಂದ್ರದ ಕ್ಯಾಮೆರಾಮನ್ ಆ ಹೆಸರುಗಳನ್ನು ಟ್ವೀಟ್ ಮಾಡಿದರು. ಟಿವಿಯವರು ಹೇಳಿದ್ದಾರೆ ಅಂದರೆ ಖಚಿತ ಮಾಡಿಕೊಂಡಿರುತ್ತಾರೆ ಅಂತ ಬಝ್‌ಫೀಡ್ ಸುದ್ದಿತಾಣದ ಒಬ್ಬ ವರದಿಗಾರ ಅದನ್ನು ಮುಂದೆ ಕಳಿಸಿದರು. ಅವರನ್ನು ಹತ್ತಾರು ಸಾವಿರ ಜನ ಟ್ವಿಟರ್‌ನಲ್ಲಿ ಹಿಂಬಾಲಿಸುತ್ತಿದ್ದರು. ಅನಾನಿಮಸ್ ಅನ್ನುವ ಹ್ಯಾಕರ್‌ಗಳ ಗುಂಪಿನ ಒಂದು ದೊಡ್ಡ ಖಾತೆ ಬರೆಯಿತು. ಸಿನಿಮಾ ತಾರೆಯರ ಸುದ್ದಿ ಬರೆಯುವ ಒಬ್ಬ ಪ್ರಸಿದ್ಧ ಬ್ಲಾಗರ್ ಕೂಡ ಹಂಚಿದ. ಮೂರು ಗಂಟೆಗೆಲ್ಲ ಹೆಸರು ದೇಶದ ತುಂಬ ಓಡುತ್ತಿತ್ತು. ‘ರೆಡಿಟ್ ಪೊಲೀಸರಿಗಿಂತ ಮೊದಲೇ ಕಂಡುಹಿಡಿಯಿತು’ ಅಂತ ಶಹಬ್ಬಾಸ್‌ಗಿರಿ ಬೇರೆ.

ಈ ಹೆಸರು ಹರಡಿದ್ದು ಬಹುಪಾಲು ಪತ್ರಕರ್ತರ ಸ್ವಂತ ಖಾತೆಗಳಲ್ಲಿ. ಪರದೆಯ ಮೇಲೆ ಓಡಿಸಲು ಸಂಪಾದಕರ ಒಪ್ಪಿಗೆ ಬೇಕು, ಸ್ವಂತ ಖಾತೆಯಲ್ಲಿ ಬರೆಯಲು ಬೇಡ. ಓದುವವನಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಅವನಿಗೆ ಕಾಣುವುದು ಹೆಸರಿನ ಪಕ್ಕದಲ್ಲಿರುವ ಸಂಸ್ಥೆಯ ಹೆಸರು.

ಈ ಸರಪಳಿಯಲ್ಲಿ ಪ್ರತಿಯೊಬ್ಬರೂ ತನ್ನ ಹಿಂದಿನವನು ಪರಿಶೀಲಿಸಿದ್ದಾನೆ ಅಂದುಕೊಂಡರು. ರೆಡಿಟ್‌ನವರಿಗೆ ಟ್ವಿಟರ್ ಪುರಾವೆ, ಟ್ವಿಟರ್‌ನವರಿಗೆ ಸ್ಕ್ಯಾನರ್ ಪುರಾವೆ, ಪತ್ರಕರ್ತನಿಗೆ ಇನ್ನೊಬ್ಬ ಪತ್ರಕರ್ತ ಪುರಾವೆ. ನಾಲ್ಕು ಕಡೆಯಿಂದ ಬಂದಂತೆ ಕಂಡದ್ದು ಒಂದೇ ಕಡೆಯಿಂದ ಬಂದಿತ್ತು. ‘ನೀನೇ ಕಿವಿಯಾರೆ ಕೇಳಿದೆಯಾ? ಎಷ್ಟು ಗಂಟೆಗೆ? ಯಾವ ಚಾನೆಲ್‌ನಲ್ಲಿ?’ ಅಂತ ಕೇಳಿದ್ದರೆ ಅಲ್ಲೇ ನಿಲ್ಲುತ್ತಿತ್ತು, ಯಾಕೆಂದರೆ ಕೇಳಿದೆ ಅನ್ನುವ ಒಬ್ಬನೂ ಸಿಗುತ್ತಿರಲಿಲ್ಲ.

ಆ ಮನೆಯಲ್ಲಿ ಇದೇ ಹೊತ್ತಿಗೆ ಫೋನ್ ಬಿಟ್ಟೂಬಿಡದೆ ಹೊಡೆದುಕೊಳ್ಳುತ್ತಿತ್ತು. ಮಗ ಸಿಕ್ಕಿದ ಅಂತ ಯಾರಾದರೂ ಹೇಳುತ್ತಾರೇನೋ ಅಂತ ಒಂದು ತಿಂಗಳಿಂದ ಪ್ರತಿ ಕರೆಯನ್ನೂ ಎತ್ತುತ್ತಿದ್ದ ಜನ ಅವರು. ಆ ರಾತ್ರಿ ಬಂದವು ಬರೀ ವರದಿಗಾರರ ಕರೆಗಳು.

ಯಾರು ನಿಲ್ಲಿಸಿದರು

ಎನ್‌ಬಿಸಿ ಟಿವಿಯಲ್ಲಿ ಪೀಟ್ ವಿಲಿಯಮ್ಸ್ ಅನ್ನುವ ಹಿರಿಯ ವರದಿಗಾರರಿದ್ದರು. ನ್ಯಾಯಾಂಗ, ತನಿಖಾ ಸಂಸ್ಥೆಗಳ ಸುದ್ದಿ ಅವರ ಕ್ಷೇತ್ರ. 17ರಂದು ಬೇರೆಯವರು ‘ಬಂಧನ’ ಅಂತ ಓಡಿಸುತ್ತಿದ್ದಾಗಲೂ ಬಂಧನ ಆಗಿಲ್ಲ ಅಂತ ಪರದೆಯ ಮೇಲೆ ಹೇಳಿದವರು ಅವರು. 19ರ ಬೆಳಗಿನ ಜಾವ, ಐದು ಗಂಟೆಯ ಸುಮಾರಿಗೆ, ತಮ್ಮ ಮೂಲಗಳಿಂದ ಕೇಳಿಕೊಂಡು, ಓಡಾಡುತ್ತಿರುವ ಹೆಸರುಗಳು ಸರಿಯಲ್ಲ, ಶಂಕಿತರು ಹೊರದೇಶದಿಂದ ಬಂದವರು ಅನ್ನುವ ಅರ್ಥದಲ್ಲಿ ವರದಿ ಮಾಡಿದರು. ಸ್ವಲ್ಪ ಹೊತ್ತಿನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ನಿಜವಾದ ಹೆಸರು ಕೊಟ್ಟಿತು. ಇಬ್ಬರೂ ಅಣ್ಣತಮ್ಮಂದಿರು. ಅಣ್ಣ ಆ ರಾತ್ರಿಯೇ ಸತ್ತಿದ್ದ, ತಮ್ಮ ಅವತ್ತು ಸಂಜೆ ಒಂದು ಮನೆಯ ಹಿತ್ತಲಿನಲ್ಲಿ ನಿಲ್ಲಿಸಿದ್ದ ದೋಣಿಯಲ್ಲಿ ಸಿಕ್ಕಿಬಿದ್ದ.

ವಿಲಿಯಮ್ಸ್ ಆ ವಾರ ಬೇರೆಯವರಿಗಿಂತ ನಿಧಾನ ಇದ್ದರು ಅಂತಲ್ಲ. ಹಲವು ವಿಷಯಗಳನ್ನು ಅವರೇ ಮೊದಲು ಹೇಳಿದರು. ಅವರಿಗೆ ವರ್ಷಗಟ್ಟಲೆ ಕಟ್ಟಿಕೊಂಡ ಮೂಲಗಳಿದ್ದವು, ರಾತ್ರಿ ನಾಲ್ಕು ಗಂಟೆಗೆ ಫೋನ್ ಮಾಡಿದರೂ ಎತ್ತುವಂಥವರು. ಮೂಲ ಇಲ್ಲದವನು ಸ್ಕ್ಯಾನರ್ ಕೇಳಿದ, ಟ್ವಿಟರ್ ನೋಡಿದ. ಇದನ್ನು ನಮ್ಮ ಚಾನೆಲ್‌ಗಳ ಮಾಲೀಕರೂ ಯೋಚಿಸಬೇಕು. ಕ್ರೈಮ್ ಬೀಟ್‌ನಲ್ಲಿ ಪಳಗಿದವರನ್ನು ಕಳಿಸಿ, ಅರ್ಧ ಸಂಬಳಕ್ಕೆ ಹೊಸಬರನ್ನು ಕೂರಿಸಿ, ‘ಬೇರೆ ಚಾನೆಲ್‌ನಲ್ಲಿ ಓಡ್ತಿದೆ, ನಮ್ಮಲ್ಲಿ ಯಾಕಿಲ್ಲ’ ಅಂತ ಕೂಗಿದರೆ ಆ ಹುಡುಗ ಇನ್ನೇನು ಮಾಡಬೇಕು?

ಆಮೇಲೆ

22ರಂದು ರೆಡಿಟ್‌ನ ಜನರಲ್ ಮ್ಯಾನೇಜರ್ ಬಹಿರಂಗವಾಗಿ ಕ್ಷಮೆ ಕೇಳಿದರು. ಕುಟುಂಬಕ್ಕೂ ಖಾಸಗಿಯಾಗಿ ಕ್ಷಮೆ ಕೇಳಿರುವುದಾಗಿ ಬರೆದರು. ಆ ವಿಭಾಗ ಮುಚ್ಚಿತು. ಮರುದಿನ, 23ರಂದು, ಒಂದು ನದಿಯಲ್ಲಿ ಹುಡುಗನ ಶವ ಸಿಕ್ಕಿತು. ಅದು ನೀರಿನಲ್ಲಿ ಬಹಳ ದಿನಗಳಿಂದ ಇತ್ತು. ಸಾವಿನಲ್ಲಿ ಬೇರೆಯವರ ಕೈವಾಡದ ಅನುಮಾನ ಇಲ್ಲ ಅಂತ ಅಧಿಕಾರಿಗಳು ಹೇಳಿದರು. ಶೋಕದ ಮೊದಲ ದಿನಗಳಲ್ಲೇ ಆ ಮನೆಯವರು ಮಗ ಭಯೋತ್ಪಾದಕನಲ್ಲ ಅನ್ನುವುದನ್ನೂ ಹೇಳಿಕೊಳ್ಳಬೇಕಾಗಿ ಬಂತು.

ಪೋಸ್ಟ್ ಮುಖಪುಟದ ಇಬ್ಬರು ಹುಡುಗರು ಮಾನನಷ್ಟ ಮೊಕದ್ದಮೆ ಹೂಡಿದರು. ನಾವು ಅವರನ್ನು ಶಂಕಿತರು ಅಂತ ಬರೆದೇ ಇಲ್ಲ ಅನ್ನುವುದು ಪತ್ರಿಕೆಯ ವಾದ. ಮೊಕದ್ದಮೆ ವಜಾ ಮಾಡಲು ನ್ಯಾಯಾಲಯ ಒಪ್ಪಲಿಲ್ಲ, 2014ರಲ್ಲಿ ಎರಡೂ ಕಡೆಯವರು ರಾಜಿ ಮಾಡಿಕೊಂಡರು. ವಿದ್ಯಾರ್ಥಿಯ ವಿಷಯದಲ್ಲಿ ಮೊಕದ್ದಮೆ ಹಾಕುವುದಾದರೂ ಯಾರ ಮೇಲೆ? ಸಾವಿರಾರು ಖಾತೆಗಳು, ಹಲವಕ್ಕೆ ನಿಜವಾದ ಹೆಸರೇ ಇಲ್ಲ.

ನಮ್ಮವರ ಮೇಲೂ ಬಂದಿತ್ತು

ಇದನ್ನು ಓದುವಾಗ ನನಗೆ 2007ರಲ್ಲಿ ಆಸ್ಟ್ರೇಲಿಯಾದಲ್ಲಿ ಬಂಧನವಾದ, ಬೆಂಗಳೂರಿನಲ್ಲಿ ಓದಿದ ಯುವ ವೈದ್ಯರೊಬ್ಬರ ಪ್ರಕರಣ ನೆನಪಾಗುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಮಾನ ನಿಲ್ದಾಣದ ದಾಳಿಯಲ್ಲಿ ಉರಿದ ಜೀಪಿನೊಳಗೆ ಅವರ ಸಿಮ್ ಕಾರ್ಡ್ ಸಿಕ್ಕಿದೆ ಅಂತ ನ್ಯಾಯಾಲಯದಲ್ಲೇ ಹೇಳಿದ್ದರು. ಪತ್ರಿಕೆಗಳು ಬರೆದವು, ಇಲ್ಲಿ ನಾವೂ ಓದಿದೆವು. ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ಒಬ್ಬ ವರದಿಗಾರ ಆ ಕಾರ್ಡ್ ನಿಜವಾಗಿ ಸಿಕ್ಕಿದ್ದೆಲ್ಲಿ ಅಂತ ಬೆನ್ನುಹತ್ತಿದರು. ಅದು ಜೀಪಿನಲ್ಲಿ ಇರಲೇ ಇಲ್ಲ, ದೂರದ ಲಿವರ್‌ಪೂಲ್‌ನಲ್ಲಿ ಅವರ ಸಂಬಂಧಿಯ ಹತ್ತಿರ ಇತ್ತು. ಆ ವರದಿ ಬಂದ ಕೆಲವೇ ದಿನಗಳಲ್ಲಿ ಆರೋಪ ಬಿದ್ದುಹೋಯಿತು. ಮುಂದೆ ಸರ್ಕಾರ ಪರಿಹಾರವನ್ನೂ ಕೊಟ್ಟಿತು. ಅಲ್ಲಿ ತಪ್ಪು ಮಾಹಿತಿ ಅಧಿಕೃತ ಬಾಯಿಂದಲೇ ಬಂದಿತ್ತು, ಆದರೂ ಅದನ್ನು ಒಡೆದದ್ದು ‘ಯಾರು ಕಂಡಿದ್ದು, ಎಲ್ಲಿ ಕಂಡಿದ್ದು’ ಅನ್ನುವ ಅದೇ ಪ್ರಶ್ನೆ. ಅದಕ್ಕೇ ‘ಪೊಲೀಸ್ ಮೂಲಗಳು ತಿಳಿಸಿವೆ’ ಅಂತ ಬರೆದು ಕೈತೊಳೆದುಕೊಳ್ಳಲು ಆಗುವುದಿಲ್ಲ.

ನಮ್ಮಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಆರೋಪಿಯ ಗುರುತು ಪತ್ತೆ ಪರೇಡ್ ಆಗುವ ಮೊದಲೇ ಮುಖ ಟಿವಿಯಲ್ಲಿ ಬಂದರೆ, ಸಾಕ್ಷಿ ಟಿವಿ ನೋಡಿಯೇ ಗುರುತು ಹಿಡಿದ ಅಂತ ಆರೋಪಿ ಪರ ವಕೀಲರು ವಾದಿಸುತ್ತಾರೆ. ಪೊಲೀಸರು ಮುಖಕ್ಕೆ ಬಟ್ಟೆ ಹಾಕಿ ಕರೆತರುವುದು ಇದಕ್ಕೇ. ಅಂದರೆ ಅವಸರದಲ್ಲಿ ಮುಖ ತೋರಿಸಿದರೆ ಅಮಾಯಕನಿಗೆ ಅನ್ಯಾಯ ಆಗಬಹುದು, ನಿಜವಾದ ಅಪರಾಧಿ ಪಾರಾಗಲೂ ದಾರಿ ಆಗಬಹುದು. ಪೊಲೀಸರು ಮಾಧ್ಯಮಕ್ಕೆ ಏನು ಹೇಳಬೇಕು, ಹೇಗೆ ಹೇಳಬೇಕು ಅನ್ನುವುದಕ್ಕೆ ಮಾರ್ಗಸೂಚಿ ಮಾಡಿ ಅಂತ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಗೃಹ ಸಚಿವಾಲಯಕ್ಕೆ ಸೂಚಿಸಿತು. ಅದು ಪೊಲೀಸರ ಕಡೆಯ ಮಾತಾಯಿತು. ನಮ್ಮ ಕಡೆಯ ಕೆಲಸ ನಾವೇ ಮಾಡಿಕೊಳ್ಳಬೇಕು.

ಅದರಲ್ಲಿ ತಿದ್ದುಪಡಿಯ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೆ, ಯಾಕೆಂದರೆ ಬಾಸ್ಟನ್‌ನಲ್ಲಿ ಅತಿ ಕಡಿಮೆ ಯೋಚನೆ ಆದದ್ದು ಇದರ ಬಗ್ಗೆಯೇ. ಬೆಳಗಾಗುವಷ್ಟರಲ್ಲಿ ಬಹಳಷ್ಟು ಜನ ತಮ್ಮ ಟ್ವೀಟ್‌ಗಳನ್ನು ಸದ್ದಿಲ್ಲದೆ ಅಳಿಸಿದರು. ಅಳಿಸಿದರೆ ಹೊಸಬರು ನೋಡುವುದು ತಪ್ಪುತ್ತದೆ, ನಿಜ. ಆದರೆ ರಾತ್ರಿ ಮೂರಕ್ಕೆ ಅದನ್ನು ಓದಿ ಮಲಗಿದವನಿಗೆ ಅದು ತಪ್ಪು ಅಂತ ಯಾರೂ ಹೇಳಲಿಲ್ಲ. ಅವನ ತಲೆಯಲ್ಲಿ ಆ ಹುಡುಗ ಇನ್ನೂ ಶಂಕಿತನೇ. ನನ್ನ ಅಭಿಪ್ರಾಯ ಇದು: ತಪ್ಪು ಪೋಸ್ಟ್ ತೆಗೆಯಿರಿ, ಆದರೆ ಅದೇ ಖಾತೆಯಲ್ಲಿ, ಅದೇ ದಿನ, ‘ಇಂಥ ಗಂಟೆಗೆ ನಾವು ಹಾಕಿದ ಹೆಸರು ತಪ್ಪು, ಈ ವ್ಯಕ್ತಿಗೂ ಪ್ರಕರಣಕ್ಕೂ ಸಂಬಂಧವಿಲ್ಲ’ ಅಂತ ನೇರವಾಗಿ ಬರೆಯಿರಿ. ಟಿವಿಯಲ್ಲಿ ತಪ್ಪು ಫೋಟೊ ಎಷ್ಟು ಸಲ ಓಡಿತೋ ತಿದ್ದುಪಡಿಯೂ ಅಷ್ಟು ಸಲ, ಅದೇ ಅಳತೆಯ ಅಕ್ಷರದಲ್ಲಿ ಓಡಬೇಕು, ಮಧ್ಯರಾತ್ರಿಯ ಬುಲೆಟಿನ್‌ನ ಕೆಳಗಿನ ಪಟ್ಟಿಯಲ್ಲಿ ಅಲ್ಲ. ಮತ್ತೆ ಆ ಮನೆಯವರಿಗೆ ಫೋನ್ ಮಾಡಿ ಕ್ಷಮೆ ಕೇಳುವ ಕೆಲಸವನ್ನು ಡೆಸ್ಕಿನ ಕಿರಿಯ ಹುಡುಗನಿಗೆ ಒಪ್ಪಿಸಬಾರದು, ಸಂಪಾದಕರೇ ಮಾಡಬೇಕು.